ಆರು ತಿಂಗಳು ಹೊರನಾಡು, ಪದವಿ ಮಾತ್ರ ಊರಿನದು

ಈ ಸಂಚಿಕೆಯ ಪ್ರಶ್ನೋತ್ತರಕ್ಕೆ ಒಂದೇ ವಿಷಯವನ್ನು ಇಟ್ಟುಕೊಂಡಿದ್ದೇನೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬರುವ ಪತ್ರಗಳಲ್ಲಿ ವಿದ್ಯಾರ್ಥಿ ವಿನಿಮಯದ ಬಗ್ಗೆ, ಅಂದರೆ ಇಲ್ಲಿಯ ಕಾಲೇಜಿನ ವಿದ್ಯಾರ್ಥಿಯಾಗಿದ್ದುಕೊಂಡೇ ಒಂದೆರಡು ಸೆಮಿಸ್ಟರ್ ಹೊರದೇಶದಲ್ಲಿ ಓದಿ ಬರುವುದರ ಬಗ್ಗೆ, ಕೇಳುವವರು ಹೆಚ್ಚಾಗಿದ್ದಾರೆ. ನಾನು ವಿದ್ಯಾರ್ಥಿನಿಯಾಗಿದ್ದಾಗ ಹಾಗೆ ಹೋಗಿ ಬಂದವಳು. ಈಗ ಧಾರವಾಡದಲ್ಲಿ ಪಾಠ ಹೇಳುವುದರ ಜೊತೆಗೆ ಹೋಗುವ ಮಕ್ಕಳ ಕಾಗದಪತ್ರಗಳನ್ನೂ ನೋಡಿಕೊಳ್ಳುತ್ತೇನೆ. ಪತ್ರಗಳನ್ನು ಚಿಕ್ಕದು ಮಾಡಿ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಐದನೆಯ ಸೆಮಿಸ್ಟರಿನಲ್ಲಿದ್ದೇನೆ. ಆರನೆಯ ಸೆಮಿಸ್ಟರನ್ನು ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಓದಬಹುದೆಂದು ಕಾಲೇಜಿನಲ್ಲಿ ನೋಟಿಸ್ ಹಾಕಿದ್ದಾರೆ. ಅದರಲ್ಲಿ ‘ಬೋಧನಾ ಶುಲ್ಕ ಇಲ್ಲ’ ಎಂದಿದೆ. ಆದರೆ ಹಿಂದಿನ ವರ್ಷ ಪ್ರಯತ್ನಿಸಿದ ಹಿರಿಯರೊಬ್ಬರು ಹನ್ನೆರಡು ಸಾವಿರ ಯೂರೋ ತೋರಿಸಬೇಕಾಗುತ್ತದೆ ಎನ್ನುತ್ತಾರೆ. ಮನೆಯಲ್ಲಿ ಯಾವ ಲೆಕ್ಕ ಹೇಳಲಿ, ಮೇಡಂ?

ಉತ್ತರ: ಇಬ್ಬರೂ ಹೇಳುವುದು ನಿಜ, ಹಣ ಮಾತ್ರ ಬೇರೆ ಬೇರೆ. ವಿನಿಮಯದ ಒಡಂಬಡಿಕೆಯಲ್ಲಿ ನೀವು ನಿಮ್ಮ ಫೀಯನ್ನು ಎಂದಿನಂತೆ ಹುಬ್ಬಳ್ಳಿಯ ಕಾಲೇಜಿಗೇ ಕಟ್ಟುತ್ತೀರಿ, ಅಲ್ಲಿಂದ ಇಲ್ಲಿಗೆ ಬರುವ ವಿದ್ಯಾರ್ಥಿ ಅಲ್ಲಿಯ ಲೆಕ್ಕ ಅಲ್ಲಿಯೇ ತೀರಿಸಿರುತ್ತಾನೆ, ಹೀಗಾಗಿ ಬಂದ ಅತಿಥಿಯಿಂದ ಎರಡೂ ಕಡೆಯವರು ಬೋಧನಾ ಶುಲ್ಕ ಕೇಳುವುದಿಲ್ಲ. ನೋಟಿಸಿನ ಮಾತಿಗೆ ಇಷ್ಟೇ ಅರ್ಥ. ಜರ್ಮನಿಯಲ್ಲಿ ಇದರ ಮೇಲೆ ಸೆಮಿಸ್ಟರ್ ವಂತಿಗೆ ಎಂಬ ಸಣ್ಣ ಮೊತ್ತವೊಂದಿದೆ. ವಿದ್ಯಾರ್ಥಿಗಳ ಊಟದ ಮನೆ, ವಸತಿ ಮುಂತಾದ ಸೇವೆಗಳಿಗಾಗಿ, ಹಲವು ಊರುಗಳಲ್ಲಿ ಬಸ್ಸು-ಟ್ರಾಮಿನ ಪಾಸಿಗಾಗಿ ಅದನ್ನು ತೆಗೆದುಕೊಳ್ಳುತ್ತಾರೆ. ನಿಮ್ಮ ವಿನಿಮಯದಲ್ಲಿ ಅದು ಇದೆಯೋ ಇಲ್ಲವೋ ಎಂಬುದನ್ನು ಕೇಳಿಕೊಳ್ಳಿ.

ನಿಮ್ಮ ಹಿರಿಯರು ಹೇಳಿದ್ದು ಬ್ಲಾಕ್ಡ್ ಅಕೌಂಟಿನ ವಿಷಯ. ಊಟ, ವಸತಿ, ವಿಮೆಗಳ ಖರ್ಚನ್ನು ನಿಭಾಯಿಸುವ ಶಕ್ತಿ ನಿಮಗಿದೆ ಎಂದು ವೀಸಾ ಕೊಡುವವರಿಗೆ ತೋರಿಸುವುದಕ್ಕಾಗಿ ಈ ಖಾತೆ. 2024ರ ಸೆಪ್ಟೆಂಬರಿನಿಂದ ಅದರ ಮೊತ್ತ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904 ಯೂರೋ ಆಗಿದೆ. ಅವರು ಹನ್ನೆರಡು ಸಾವಿರ ಎಂದದ್ದು ಇಡೀ ವರ್ಷ ಇರುವವರ ಲೆಕ್ಕ. ಆರು ತಿಂಗಳ ವಾಸಕ್ಕೆ ಇದೇ ದರದಲ್ಲಿ 5,952 ಯೂರೋ ಆಗುತ್ತದೆ. ಲೆಕ್ಕದ ಅನುಕೂಲಕ್ಕೆ ಒಂದು ಯೂರೋಗೆ 100 ರೂಪಾಯಿ ಎಂದು ಹಿಡಿದರೆ 5,95,200 ರೂಪಾಯಿ. ನಿಜವಾದ ಲೆಕ್ಕವನ್ನು ಹಣ ಕಳಿಸುವ ದಿನದ ದರದಲ್ಲಿ ಹಾಕಿರಿ, ಮೊತ್ತವನ್ನೂ ಅರ್ಜಿ ಹಾಕುವ ವಾರ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ, ಏಕೆಂದರೆ ಅದನ್ನು ಆಗಾಗ ಏರಿಸುತ್ತಾರೆ. ಇದು ಯಾರಿಗೋ ಕಟ್ಟುವ ಫೀ ಅಲ್ಲ, ನಿಮ್ಮದೇ ಹಣ ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಿ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ ಇಷ್ಟು ಎಂದು ನಿಮ್ಮ ಕೈಗೇ ಬರುತ್ತದೆ. ವಿದ್ಯಾರ್ಥಿವೇತನ ಸಿಕ್ಕವರಿಗೆ ಆ ಪತ್ರವೇ ಆಧಾರವಾಗುತ್ತದೆ.

ಆದರೆ ಮೊದಲ ತಿಂಗಳಲ್ಲಿ ಒಂದು ತೊಡಕಿದೆ. ಹೊರಡುವ ಮುನ್ನ ಇದನ್ನು ಯಾರೂ ಹೇಳುವುದಿಲ್ಲ. ಆ ಖಾತೆಯ ಹಣ ಕೈಗೆ ಬರಬೇಕಾದರೆ ಸಾಮಾನ್ಯವಾಗಿ ಅಲ್ಲಿ ಮಾಮೂಲಿ ಬ್ಯಾಂಕ್ ಖಾತೆ ಬೇಕು. ಅದಕ್ಕೆ ಬಹಳ ಸಲ ವಿಳಾಸದ ನೋಂದಣಿ ಪತ್ರ ಕೇಳುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ಪುರಸಭೆಯ ಕಚೇರಿಗೆ ಹೋಗಿ ಆ ನೋಂದಣಿ ಮಾಡಿಸಬೇಕು. ಆ ಕಚೇರಿಯಲ್ಲಿ ಸರದಿ ಸಿಗುವುದು ತಡವಾಗಬಹುದು. ಅಷ್ಟರಲ್ಲಿ ಬಾಡಿಗೆ ಮತ್ತು ಕೋಣೆಯ ಮುಂಗಡ ಹಣವನ್ನು ಕೊಟ್ಟಿರಬೇಕು. ಆದ್ದರಿಂದ ಖಾತೆಯಲ್ಲಿಟ್ಟದ್ದನ್ನು ಬಿಟ್ಟು, ಒಂದು ತಿಂಗಳು ಸುಧಾರಿಸುವಷ್ಟು ಹಣ ಬೇರೆಯಾಗಿ ನಿಮ್ಮ ಹತ್ತಿರ ಇರಲಿ. ನಮ್ಮಲ್ಲಿಂದ ಹೋದ ಹುಡುಗನೊಬ್ಬ ಬ್ಯಾಂಕಿನಲ್ಲಿ ಆರು ಲಕ್ಷವಿದ್ದೂ ಮೊದಲ ಮೂರು ವಾರ ಸಹಪಾಠಿಯ ಸಾಲದಲ್ಲಿ ಕಳೆದ.

ಕ್ಯಾಲೆಂಡರಿನ ವಿಷಯವನ್ನೂ ಈಗಲೇ ವಿಚಾರಿಸಿ. ಜರ್ಮನಿಯ ಬೇಸಿಗೆ ಸೆಮಿಸ್ಟರ್ ಲೆಕ್ಕಕ್ಕೆ ಏಪ್ರಿಲಿನಿಂದ ಸೆಪ್ಟೆಂಬರ್, ಚಳಿಗಾಲದ್ದು ಅಕ್ಟೋಬರಿನಿಂದ ಮಾರ್ಚ್. ಬೇಸಿಗೆಯ ಪಾಠಗಳು ಸಾಮಾನ್ಯವಾಗಿ ಏಪ್ರಿಲ್ ನಡುವಿನಲ್ಲಿ ಆರಂಭವಾಗಿ ಜುಲೈವರೆಗೆ ನಡೆಯುತ್ತವೆ, ಪರೀಕ್ಷೆಗಳು ಅದರ ನಂತರ. ಆಗಸ್ಟಿನಲ್ಲಿ ನಿಮ್ಮ ಏಳನೆಯ ಸೆಮಿಸ್ಟರ್ ಆರಂಭವಾಗಿ, ಅದೇ ತಿಂಗಳು ಕ್ಯಾಂಪಸ್ ಸಂದರ್ಶನಗಳೂ ಬಂದರೆ ನೀವು ಎಲ್ಲಿರುತ್ತೀರಿ? ಈ ಪ್ರಶ್ನೆಯನ್ನು ವಿಭಾಗದ ಮುಖ್ಯಸ್ಥರ ಮುಂದೆ ಈಗ ಇಟ್ಟರೆ ಅವರು ಪರಿಹಾರ ಹುಡುಕಬಲ್ಲರು. ಜುಲೈ ಕೊನೆಗೆ ಅಲ್ಲಿಂದ ಫೋನ್ ಮಾಡಿದರೆ ಅವರ ಕೈಯಲ್ಲೂ ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಮೆಣಸಿನಕಾಯಿ ಬೆಳೆಯುತ್ತೇವೆ. ಮಗಳು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದು, ಎರಾಸ್ಮಸ್ ಎಂಬ ಯೋಜನೆಯಲ್ಲಿ ಐದು ತಿಂಗಳು ಪೋರ್ಚುಗಲ್‌ಗೆ ಹೋಗಲು ಆಯ್ಕೆಯಾಗಿದ್ದಾಳೆ. ಅವರ ಅವ್ವನಿಗೆ ಬಹಳ ಚಿಂತೆ. ಒಂದೆಕರೆ ಮಾರಿಯಾದರೂ ಕಳಿಸಬೇಕೇ ಎಂಬುದು ನನ್ನ ಪ್ರಶ್ನೆ. ಒಬ್ಬಳೇ ಹೆಣ್ಣುಮಗಳು ಅಲ್ಲಿ ಹೇಗಿರುತ್ತಾಳೆ?

ಉತ್ತರ: ಮೊದಲು ಹೊಲದ ಮಾತು. ದಯವಿಟ್ಟು ಮಾರಬೇಡಿ. ಐದು ತಿಂಗಳ ಓದಿಗೆ ಹೊಲ ಮಾರುವ ಪ್ರಸಂಗ ಬಂದರೆ ಆ ಓದನ್ನು ಬಿಡುವುದೇ ಸರಿ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಆದರೆ ನಿಮ್ಮ ಮಗಳಿಗೆ ಸಿಕ್ಕಿರುವ ಯೋಜನೆಯಲ್ಲಿ ಆ ಪ್ರಸಂಗ ಬರಬಾರದು. ಎರಾಸ್ಮಸ್ ಎಂಬುದು ಯುರೋಪಿನ ದೇಶಗಳು 1987ರಲ್ಲಿ ತಮ್ಮ ವಿದ್ಯಾರ್ಥಿಗಳು ಒಂದು ದೇಶದಿಂದ ಇನ್ನೊಂದಕ್ಕೆ ಹೋಗಿ ಓದಲೆಂದು ಆರಂಭಿಸಿದ ಯೋಜನೆ. ಈಗ ಎರಾಸ್ಮಸ್ ಪ್ಲಸ್ ಎಂಬ ಹೆಸರಿನಲ್ಲಿ ಅದು ಭಾರತದಂತಹ ದೇಶಗಳ ಕಾಲೇಜುಗಳಿಗೂ ತೆರೆದಿದೆ. ಇದರಲ್ಲಿ ಅನುದಾನ ಪಡೆದು ಹೋಗುವ ವಿದ್ಯಾರ್ಥಿಗೆ ದೇಶದ ಖರ್ಚುವೆಚ್ಚ ನೋಡಿ ತಿಂಗಳಿಗೆ 800ರಿಂದ 900 ಯೂರೋ ಮತ್ತು ಪ್ರಯಾಣಕ್ಕೆ ಪ್ರತ್ಯೇಕ ಮೊತ್ತ ಕೊಡುತ್ತಾರೆ. ಕೆಲವೊಮ್ಮೆ ಅನುದಾನವಿಲ್ಲದ ಸ್ಥಾನಗಳೂ ಇರುತ್ತವೆ. ಆಯ್ಕೆ ಪತ್ರದಲ್ಲಿ ಅನುದಾನದ ಸಾಲು ಇದೆಯೇ ಎಂದು ಮಗಳ ಜೊತೆ ಕೂತು ಓದಿರಿ. ಇದ್ದರೆ, ನಿಮ್ಮ ಕಡೆಯಿಂದ ಬೇಕಾಗುವುದು ವಿಮಾನದ ಟಿಕೆಟ್, ವೀಸಾ ಮತ್ತು ಆರಂಭದ ಕೆಲವು ವಾರಗಳ ಖರ್ಚು, ಅದೂ ಮುಂದೆ ಬರುವ ಹಣದ ಮೇಲೆ. ಮೊದಲ ಕಂತು ಹಲವು ಬಾರಿ ಅಲ್ಲಿ ಮುಟ್ಟಿದ ಮೇಲೆಯೇ ಬರುತ್ತದೆ. ಅದಕ್ಕೆ ಸುಗ್ಗಿಯ ದುಡ್ಡು ಅಥವಾ ಸೊಸೈಟಿಯ ಸಣ್ಣ ಸಾಲ ಸಾಕು.

ಇನ್ನು ನಿಮ್ಮ ಮನೆಯವರ ಚಿಂತೆ. ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿ ಇರುತ್ತದೆ. ಹೊಸಬರಿಗೆ ಜೊತೆಗಾರರಾಗಿ ಅಲ್ಲಿಯ ವಿದ್ಯಾರ್ಥಿಯೊಬ್ಬರನ್ನು ಗೊತ್ತುಮಾಡುವ ರೂಢಿಯೂ ಹಲವು ಕಡೆ ಇದೆ. ಆ ಕಚೇರಿಯ ಫೋನ್ ಸಂಖ್ಯೆ, ಕೋಣೆಯ ವಿಳಾಸ, ವಿಮೆಯ ಪತ್ರ, ಪಾಸ್‌ಪೋರ್ಟಿನ ಪ್ರತಿ, ಇವುಗಳನ್ನು ಒಂದು ಕಾಗದದ ಕವರಿನಲ್ಲಿ ಹಾಕಿ ಮನೆಯಲ್ಲಿಡಿ. ಮೊಬೈಲಿನಲ್ಲಿ ಇದೆ ಎಂದು ಬಿಡಬೇಡಿ. ಮಗಳ ಫೋನ್ ಕೈಕೊಟ್ಟ ದಿನ ಆ ಕವರೇ ನಿಮಗೆ ಧೈರ್ಯ.

ಫೋನಿನ ವೇಳೆಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಪೋರ್ಚುಗಲ್ ಚಳಿಗಾಲದಲ್ಲಿ ನಮಗಿಂತ ಐದೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ ತಾಸು. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ಬದಲಿಸುತ್ತಾರೆ. ನೀವು ರಾತ್ರಿ ಊಟ ಮುಗಿಸಿ ಕೂತಾಗ ಅವಳು ಮಧ್ಯಾಹ್ನದ ಪಾಠದಲ್ಲಿರುತ್ತಾಳೆ. ನಾನು ಕಂಡಂತೆ ಹೋದವರಿಗೆ ಬಹಳ ಕಷ್ಟವಾಗುವುದು ಮೊದಲ ವಾರವಲ್ಲ, ಮೂರನೆಯ ಅಥವಾ ನಾಲ್ಕನೆಯ ವಾರ. ಆರಂಭದ ಓಡಾಟ ಮುಗಿದಿರುತ್ತದೆ, ಹೊಸ ಗೆಳೆತನ ಇನ್ನೂ ಕುದುರಿರುವುದಿಲ್ಲ, ಕೋಣೆಯಲ್ಲಿ ಒಬ್ಬರೇ ಉಣ್ಣಬೇಕಾಗುತ್ತದೆ. ಆಗ ಫೋನಿನಲ್ಲಿ ಅಳು ಕೇಳಿದರೆ ‘ಸಾಕು, ಬಂದುಬಿಡು’ ಎಂದು ಅವಸರ ಮಾಡಬೇಡಿ, ಹಾಗೆಯೇ ‘ಅಳಬಾರದು’ ಎಂದು ಗದರಲೂ ಬೇಡಿ. ಕೇಳಿಸಿಕೊಳ್ಳಿ, ಮಾರನೆಯ ದಿನ ಅದೇ ವೇಳೆಗೆ ಮತ್ತೆ ಮಾತನಾಡಿ. ಅವಳು ಎರಡು ಮೂರು ವಾರ ನಿದ್ದೆ ಇಲ್ಲದೆ, ಊಟ ಸೇರದೆ, ಪಾಠಕ್ಕೂ ಹೋಗದೆ ಕೂತರೆ ಮಾತ್ರ ವಿಷಯ ಬೇರೆ. ಅಲ್ಲಿಯ ವಿಶ್ವವಿದ್ಯಾಲಯದಲ್ಲೇ ಆಪ್ತಸಮಾಲೋಚಕರು ಇರುತ್ತಾರೆಯೇ ಎಂದು ವಿಚಾರಿಸಿ ಅವರನ್ನು ಕಾಣಲು ಹೇಳಿ.

ಬುತ್ತಿಯ ಬಗ್ಗೆಯೂ ಒಂದು ಮಾತು. ಯುರೋಪ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ಹೀಗಾಗಿ ತುಪ್ಪದ ಡಬ್ಬಿ, ಧಾರವಾಡ ಪೇಢೆಯ ಪೊಟ್ಟಣ ಮನೆಯಲ್ಲೇ ಉಳಿಯಲಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಡಿ. ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಸ್ಟೀಲಿನ ಡಬ್ಬಿಯಲ್ಲಿಟ್ಟರೆ ಪುಡಿಯಾಗುವುದಿಲ್ಲ. ನಿಮ್ಮ ಹೊಲದ ಮೆಣಸಿನಕಾಯಿಯ ಪುಡಿಯನ್ನೂ ಕಳಿಸಿ. ಅಮೆರಿಕ ಖಂಡದ ಆ ಬೆಳೆಯನ್ನು ನಾಲ್ಕೈದು ಶತಮಾನದ ಹಿಂದೆ ನಮ್ಮ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರೇ; 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ರೈತನ ಮಗಳೊಬ್ಬಳು ಅವರ ಅಡುಗೆಮನೆಗೆ ಒಯ್ಯುವುದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ. ಕೋಣೆಯ ಜೊತೆಗಾರರಿಗೆ ಅವಳು ಮೊದಲ ದಿನ ಹೇಳಬಹುದಾದ ಕಥೆಯೂ ಅದೇ.

ಪ್ರಶ್ನೆ: ನಾನು ಧಾರವಾಡದವನು. ವಿನಿಮಯದಲ್ಲಿ ಜರ್ಮನಿಗೆ ಹೋಗಿ ಐದು ವಿಷಯಗಳಲ್ಲಿ ಉತ್ತೀರ್ಣನಾಗಿ ಬಂದಿದ್ದೇನೆ. ಆದರೆ ನಮ್ಮ ಕಾಲೇಜಿನಲ್ಲಿ ಎರಡು ವಿಷಯಗಳ ಕ್ರೆಡಿಟ್ ಒಪ್ಪುತ್ತಿಲ್ಲ. ಅಂಕಪಟ್ಟಿಯಲ್ಲಿ 1.3, 2.0 ಎಂದು ಇರುವುದನ್ನು ನೋಡಿ ಕಚೇರಿಯವರಿಗೂ ಗೊಂದಲವಾಗಿದೆ. ಒಂದು ವರ್ಷ ಹಾಳಾಗುತ್ತದೆಯೇ?

ಉತ್ತರ: ತಮ್ಮಾ, ನಿಮ್ಮ ಪತ್ರ ಓದಿದಾಗ ನನ್ನದೇ ಹಳೆಯ ದಿನ ನೆನಪಾಯಿತು. ನಾನು ಹೋದಾಗಲೂ ಐದು ವಿಷಯಗಳನ್ನು ಬರೆದುಕೊಂಡು, ಸಹಿ ಮಾಡಿಸಿಕೊಂಡು ಹೋಗಿದ್ದೆ. ಎರಡನೆಯ ವಾರ ನೋಡಿದರೆ ಅವುಗಳಲ್ಲಿ ಎರಡು ಒಂದೇ ದಿನ ಒಂದೇ ವೇಳೆಗೆ ಬಿದ್ದಿದ್ದವು. ಅಲ್ಲಿಯ ಪ್ರಾಧ್ಯಾಪಕರು ಅದೇ ಮಟ್ಟದ ಬೇರೊಂದು ವಿಷಯ ಸೂಚಿಸಿದರು, ನಾನು ಸೇರಿಕೊಂಡೆ, ಚೆನ್ನಾಗಿಯೇ ಬರೆದೆ. ಆ ವಾರವೇ ಊರಿನ ವಿಭಾಗಕ್ಕೆ ಒಂದು ಇ-ಮೇಲ್ ಕಳಿಸಿ ಒಪ್ಪಿಗೆ ಪಡೆಯಬೇಕಿತ್ತು, ಪಡೆಯಲಿಲ್ಲ. ವಾಪಸು ಬಂದ ಮೇಲೆ ಕಚೇರಿಯ ಹಿರಿಯ ಗುಮಾಸ್ತರು ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಪೆನ್ಸಿಲಿನಿಂದ ಒಂದೊಂದೇ ಸಾಲಿಗೆ ಗುರುತು ಹಾಕುತ್ತ ಬಂದು, ನಾಲ್ಕನೆಯ ಸಾಲಿನಲ್ಲಿ ಪೆನ್ಸಿಲು ನಿಲ್ಲಿಸಿ, ‘ಇದು ನಮ್ಮ ಕಾಗದದಾಗ ಇಲ್ಲಲ್ರೀ ತಂಗಿ’ ಎಂದರು. ಅವರು ಮಾಡಿದ್ದು ನಿಯಮದ ಪ್ರಕಾರವೇ ಇತ್ತು. ಮುಂದಿನ ವರ್ಷದ ವಿದ್ಯಾರ್ಥಿಗಳ ಜೊತೆ ಕೂತು ಆ ಒಂದು ಪರೀಕ್ಷೆಯನ್ನು ನಾನು ಮತ್ತೆ ಬರೆಯಬೇಕಾಯಿತು.

ಅಂದಿನಿಂದ ಹೋಗುವ ಪ್ರತಿ ವಿದ್ಯಾರ್ಥಿಗೂ ಹೇಳುತ್ತ ಬಂದಿದ್ದೇನೆ: ವಿನಿಮಯದ ಸೆಮಿಸ್ಟರ್ ಎಂದರೆ ರಜೆಯಲ್ಲ, ಬೇರೆ ಪದವಿಯೂ ಅಲ್ಲ, ನಿಮ್ಮ ಇಲ್ಲಿಯ ಪದವಿಯ ಒಂದು ಸೆಮಿಸ್ಟರ್, ಅದು ಬೇರೆ ಊರಿನಲ್ಲಿ ನಡೆಯುತ್ತದೆ, ಅಷ್ಟೇ. ಹೀಗಾಗಿ ಅಲ್ಲಿ ಓದುವ ಪ್ರತಿಯೊಂದು ವಿಷಯವೂ ಇಲ್ಲಿಯ ಯಾವ ವಿಷಯದ ಬದಲಿಗೆ ನಿಲ್ಲುತ್ತದೆ ಎಂಬುದನ್ನು ಹೊರಡುವ ಮುಂಚೆ ಬರೆದು, ನೀವು, ನಿಮ್ಮ ಕಾಲೇಜು, ಅಲ್ಲಿಯ ವಿಶ್ವವಿದ್ಯಾಲಯ, ಮೂವರೂ ಸಹಿ ಮಾಡಬೇಕು. ಲರ್ನಿಂಗ್ ಅಗ್ರಿಮೆಂಟ್ ಎಂದು ಕರೆಯುವ ಈ ಕಾಗದದಲ್ಲಿ ಹೋದ ಮೇಲೆ ಆಗುವ ಬದಲಾವಣೆಗಳಿಗೂ ಜಾಗವಿರುತ್ತದೆ, ಅವಕ್ಕೂ ಮೂವರ ಸಹಿ ಬೇಕು.

ನಿಮಗೆ ಈಗ ಮಾಡಲು ಸಾಧ್ಯವಿರುವುದನ್ನು ಹೇಳುತ್ತೇನೆ. ಒಪ್ಪದ ಎರಡು ವಿಷಯಗಳ ವಿವರವಾದ ಪಠ್ಯಕ್ರಮ, ಪಾಠದ ತಾಸುಗಳ ಲೆಕ್ಕ, ಪರೀಕ್ಷೆಯ ವಿಧಾನ, ಇವುಗಳನ್ನು ಅಲ್ಲಿಯ ವಿಭಾಗದಿಂದ ಅಧಿಕೃತವಾಗಿ ತರಿಸಿಕೊಳ್ಳಿ. ಜರ್ಮನಿಯಲ್ಲಿ ಪ್ರತಿ ಕೋರ್ಸಿಗೂ ಇಂಥ ವಿವರಗಳ ಮಾಡ್ಯೂಲ್ ಕೈಪಿಡಿ ಇರುತ್ತದೆ, ತರಿಸುವುದು ಕಷ್ಟವಲ್ಲ. ಅದನ್ನು ಇಲ್ಲಿಯ ಪಠ್ಯಕ್ರಮದ ಪಕ್ಕದಲ್ಲಿಟ್ಟು, ಘಟಕಕ್ಕೆ ಘಟಕ ಹೋಲಿಸಿ ತೋರಿಸುವ ಒಂದು ಪಟ್ಟಿ ಮಾಡಿ, ಲಿಖಿತ ಮನವಿಯೊಡನೆ ವಿಭಾಗದ ಮುಖ್ಯಸ್ಥರ ಮೂಲಕ ಅಧ್ಯಯನ ಮಂಡಳಿಗೆ ಕಳಿಸಿ. ಬಾಯಿಮಾತಿನ ಓಡಾಟದಲ್ಲಿ ತಿಂಗಳುಗಳು ಹೋಗುತ್ತವೆ, ಬರೆದ ಮನವಿಗೆ ಯಾರಾದರೂ ಉತ್ತರ ಬರೆಯಲೇಬೇಕಾಗುತ್ತದೆ. ಕಡ್ಡಾಯ ವಿಷಯಕ್ಕೆ ಬದಲಿಯಾಗಿ ಒಪ್ಪದಿದ್ದರೆ ಐಚ್ಛಿಕ ವಿಷಯವಾಗಿ ಒಪ್ಪಬಹುದೇ ಎಂಬ ಎರಡನೆಯ ಕೋರಿಕೆಯನ್ನೂ ಅದರಲ್ಲೇ ಸೇರಿಸಿ. ಹಲವರ ವರ್ಷ ಉಳಿದದ್ದು ಆ ಎರಡನೆಯ ಸಾಲಿನಿಂದ.

ಕ್ರೆಡಿಟ್ ಲೆಕ್ಕ ಹೀಗಿದೆ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ವರ್ಷದ ಪೂರ್ಣ ಓದಿಗೆ 60 ಕ್ರೆಡಿಟ್, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಎಂದರೆ ಪಾಠ, ಸ್ವಂತ ಓದು, ಪರೀಕ್ಷೆಯ ತಯಾರಿ ಎಲ್ಲ ಕೂಡಿ 25ರಿಂದ 30 ತಾಸುಗಳ ಶ್ರಮ. ನಾಲ್ಕು ವರ್ಷಕ್ಕೆ 160 ಕ್ರೆಡಿಟ್ ಇರುವ ನಮ್ಮ ಇಂಜಿನಿಯರಿಂಗ್ ಪದವಿಯಲ್ಲಿ ಸೆಮಿಸ್ಟರಿಗೆ ಸರಾಸರಿ 20 ಬರುತ್ತದೆ. ಅಂದರೆ ಅಲ್ಲಿಯ 30 ಇಲ್ಲಿಯ 20ಕ್ಕೆ ಸಮ ಎಂಬುದು ನ್ಯಾಯವಾದ ಹೋಲಿಕೆ, ಆದರೂ ಕೊನೆಯ ಮಾತು ನಿಮ್ಮ ಸಂಸ್ಥೆಯದು. ಅಂಕಗಳ ವಿಷಯದಲ್ಲಿ ಕಚೇರಿಯವರಿಗೆ ಸಮಾಧಾನವಾಗಿ ವಿವರಿಸಿ: ಜರ್ಮನಿಯಲ್ಲಿ 1.0 ಎಲ್ಲಕ್ಕಿಂತ ಉತ್ತಮ, 4.0 ಕನಿಷ್ಠ ಉತ್ತೀರ್ಣ, 5.0 ಅನುತ್ತೀರ್ಣ. ನಿಮ್ಮ 1.3 ಬಹಳ ಒಳ್ಳೆಯ ಫಲಿತಾಂಶ. ಹೊರಗಿನ ಅಂಕಗಳನ್ನು ಜರ್ಮನ್ ಅಂಕಕ್ಕೆ ತಿರುಗಿಸಲು ಅಲ್ಲಿ ಮಾರ್ಪಡಿಸಿದ ಬವೇರಿಯಾ ಸೂತ್ರ ಎಂಬುದನ್ನು ಬಳಸುತ್ತಾರೆ. ಗರಿಷ್ಠ ಅಂಕದಿಂದ ಪಡೆದ ಅಂಕವನ್ನು ಕಳೆದು, ಅದನ್ನು ಗರಿಷ್ಠ ಮತ್ತು ಕನಿಷ್ಠ ಉತ್ತೀರ್ಣಾಂಕದ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸುವುದು. ಗರಿಷ್ಠ 10, ಉತ್ತೀರ್ಣಕ್ಕೆ 4 ಇರುವ ನಮ್ಮ ಪದ್ಧತಿಯಲ್ಲಿ 8.0 ಪಡೆದವನಿಗೆ ಅಲ್ಲಿ 2.0 ಆಗುತ್ತದೆ. ಇದನ್ನೇ ತಿರುಗಿಸಿ ನಿಮ್ಮ 2.0ಕ್ಕೆ ಇಲ್ಲಿ 8.0 ಕೊಡಿ ಎಂದು ಕೇಳುವುದು ತಪ್ಪಾಗದು.

ಮುಂದೆ ಹೋಗುವವರಿಗಾಗಿ ಅಲ್ಲಿಯ ಎರಡು ರೂಢಿಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ವೇಳಾಪಟ್ಟಿಯಲ್ಲಿ 10ರ ಮುಂದೆ ‘ಸಿ.ಟಿ.’ ಎಂದಿದ್ದರೆ ಪಾಠ 10.15ಕ್ಕೆ, ‘ಎಸ್.ಟಿ.’ ಎಂದಿದ್ದರೆ ಸರಿಯಾಗಿ ಹತ್ತಕ್ಕೆ. ಇದು ಗೊತ್ತಿಲ್ಲದೆ ಮೊದಲ ದಿನ ನಾನು ಖಾಲಿ ಕೋಣೆಯ ಬಾಗಿಲಲ್ಲಿ ಹದಿನೈದು ನಿಮಿಷ ನಿಂತು, ಪಾಠ ರದ್ದಾಗಿದೆ ಎಂದುಕೊಂಡು ಮೆಟ್ಟಿಲಿಳಿದು ಬರುವಾಗ ಪ್ರಾಧ್ಯಾಪಕರು ಎದುರು ಬಂದಿದ್ದರು. ಇನ್ನೊಂದು ಇದಕ್ಕಿಂತ ಗಂಭೀರವಾದದ್ದು: ಪಾಠಕ್ಕೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಕೂಡಲಾಗುವುದಿಲ್ಲ, ಪ್ರತಿ ಪರೀಕ್ಷೆಗೂ ಗೊತ್ತಾದ ದಿನದೊಳಗೆ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಹಾಜರಾತಿ ಕರೆಯುವುದಿಲ್ಲ, ಕಿರುಪರೀಕ್ಷೆಗಳೂ ಕಡಿಮೆ, ಬಹಳ ಕಡೆ ಕೊನೆಯ ಒಂದೇ ಪರೀಕ್ಷೆಯ ಮೇಲೆ ಎಲ್ಲವೂ ನಿಂತಿರುತ್ತದೆ. ಶೇ 75 ಹಾಜರಾತಿಯ ಭಯದಲ್ಲೇ ಓದಿ ಬೆಳೆದ ನಮ್ಮ ಮಕ್ಕಳಿಗೆ ಆ ಸ್ವಾತಂತ್ರ್ಯ ಮೊದಲ ಎರಡು ತಿಂಗಳು ಹಿತವಾಗಿರುತ್ತದೆ, ಮೂರನೆಯ ತಿಂಗಳು ಕುತ್ತಿಗೆಗೆ ಬರುತ್ತದೆ.

ಪ್ರಶ್ನೆ: ಗದಗಿನ ಪದವಿ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೇನೆ. ಹತ್ತನೆಯವರೆಗೂ ಕನ್ನಡ ಮಾಧ್ಯಮ. ನಮ್ಮ ಕಾಲೇಜಿಗೆ ಯಾವ ಹೊರದೇಶದ ಒಡಂಬಡಿಕೆಯೂ ಇಲ್ಲ. ಇದು ದೊಡ್ಡ ಇಂಜಿನಿಯರಿಂಗ್ ಕಾಲೇಜಿನವರಿಗೆ ಮಾತ್ರವೇ? ಇಂಗ್ಲಿಷ್ ಮಾತನಾಡಲು ನನಗೆ ಈಗಲೂ ಹೆದರಿಕೆ.

ಉತ್ತರ: ವಿನಿಮಯ ಎಂಬುದು ಎರಡು ಸಂಸ್ಥೆಗಳ ನಡುವಿನ ಒಪ್ಪಂದವಾದ್ದರಿಂದ ಒಪ್ಪಂದವಿಲ್ಲದ ಕಾಲೇಜಿನ ವಿದ್ಯಾರ್ಥಿ ತಾನಾಗಿಯೇ ಅರ್ಜಿ ಹಾಕಲು ಆಗುವುದಿಲ್ಲ. ಇದು ಅನ್ಯಾಯವೆಂದೇ ನನಗೆ ಅನಿಸುತ್ತದೆ. ನಮ್ಮ ಜಿಲ್ಲೆಗಳ ಪದವಿ ಕಾಲೇಜುಗಳ ಮಕ್ಕಳು ಯಾರಿಗೂ ಕಡಿಮೆಯಲ್ಲ, ಅವರ ಪರವಾಗಿ ಪತ್ರ ಬರೆಯುವವರು ಕಡಿಮೆ. ಆದರೂ ನಿಮಗೆ ಒಂದು ದೊಡ್ಡ ದಾರಿ ತೆರೆದಿದೆ. 2004ರಲ್ಲಿ ಆರಂಭವಾದ ಎರಾಸ್ಮಸ್ ಮುಂಡಸ್ ಎಂಬುದು ಸ್ನಾತಕೋತ್ತರ ಪದವಿಗೆ. ಅದಕ್ಕೆ ನಿಮ್ಮ ಕಾಲೇಜಿನ ಒಪ್ಪಂದ ಬೇಕಿಲ್ಲ. ಪದವಿಯ ಕೊನೆಯ ವರ್ಷದಲ್ಲಿ ನೀವೇ ನೇರವಾಗಿ ಅರ್ಜಿ ಹಾಕಬಹುದು. ಆಯ್ಕೆಯಾದವರು ಕನಿಷ್ಠ ಎರಡು ದೇಶಗಳಲ್ಲಿ ಓದುತ್ತಾರೆ, ವಿದ್ಯಾರ್ಥಿವೇತನ ಸಿಕ್ಕವರಿಗೆ ತಿಂಗಳಿಗೆ 1,400 ಯೂರೋ ಬರುತ್ತದೆ, ಬೋಧನಾ ಶುಲ್ಕ ಇರುವುದಿಲ್ಲ. ವಿಜ್ಞಾನ, ತಂತ್ರಜ್ಞಾನವಷ್ಟೇ ಅಲ್ಲದೆ ಸಮಾಜಶಾಸ್ತ್ರ, ಪತ್ರಿಕೋದ್ಯಮ, ಸಂಸ್ಕೃತಿ ಅಧ್ಯಯನದಂತಹ ವಿಷಯಗಳೂ ಇವೆ. ಹೆಚ್ಚಿನ ಕೋರ್ಸುಗಳ ಅರ್ಜಿಗಳು ಅಕ್ಟೋಬರಿನಿಂದ ಜನವರಿಯ ನಡುವೆ ತೆರೆದಿರುತ್ತವೆ, ಹೀಗಾಗಿ ಕೊನೆಯ ವರ್ಷದ ದಸರಾ ಹೊತ್ತಿಗೆ ನಿಮ್ಮ ಪಾಸ್‌ಪೋರ್ಟ್, ಅಂಕಪಟ್ಟಿಗಳು, ಇಬ್ಬರು ಅಧ್ಯಾಪಕರ ಶಿಫಾರಸು ಪತ್ರಗಳು ಸಿದ್ಧವಿರಲಿ. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಹೋಗಬೇಕಿಲ್ಲ, ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರವಿದೆ.

ಇಂಗ್ಲಿಷ್ ಬಗ್ಗೆ: ಅಲ್ಲಿಯ ತರಗತಿಯಲ್ಲಿ ನಿಮ್ಮ ಪಕ್ಕ ಕೂಡುವ ಇಟಲಿ, ಬ್ರೆಜಿಲ್, ವಿಯೆಟ್ನಾಂನ ವಿದ್ಯಾರ್ಥಿಗಳಿಗೂ ಇಂಗ್ಲಿಷ್ ಮನೆಯ ಮಾತಲ್ಲ. ಅವರು ತಪ್ಪು ಮಾಡುತ್ತಲೇ ಮಾತನಾಡುತ್ತಾರೆ, ಯಾರೂ ನಗುವುದಿಲ್ಲ. ನಿಮಗೆ ಬೇಕಾದದ್ದು ಉಚ್ಚಾರದ ಠೀವಿಯಲ್ಲ. ಒಂದು ವಿಷಯವನ್ನು ಹದಿನೈದು ನಿಮಿಷ ನೋಡಿ ಓದದೆ ಹೇಳುವುದು ಮತ್ತು ಎರಡು ಪುಟ ಸ್ವಂತ ಮಾತಿನಲ್ಲಿ ಬರೆಯುವುದು. ವಾರಕ್ಕೊಮ್ಮೆ ಇಬ್ಬರು ಗೆಳತಿಯರನ್ನು ಕೂರಿಸಿಕೊಂಡು ಈ ಎರಡನ್ನೂ ಮಾಡಿ. ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಸರಿಯಾಗಿ ಹೇಳಲು ಬಂದರೆ ವಿಷಯ ಗಟ್ಟಿಯಾಗಿದೆ ಎಂದು ತಿಳಿಯಿರಿ. 1853ರಲ್ಲಿ ಜರ್ಮನಿಯಿಂದ ಬಂದ ಕಿಟೆಲ್ ಅವರು ನಮ್ಮ ಧಾರವಾಡದ ಕಡೆ ಜನರ ನಡುವೆ ಬದುಕುತ್ತ ಕನ್ನಡ ಕಲಿತವರು, ಆರಂಭದಲ್ಲಿ ಅವರೂ ತಪ್ಪು ಮಾತನಾಡಿಯೇ ಇದ್ದಾರು. ನೀವು ಹೋಗಬೇಕೆಂದಿರುವ ದೇಶದ ಭಾಷೆಯನ್ನೂ ಮೊದಲ ಹಂತದವರೆಗಾದರೂ ಕಲಿತುಕೊಳ್ಳಿ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಕಾಯಿಪಲ್ಲೆ ಅಂಗಡಿ, ಬಸ್ಸು, ಪುರಸಭೆಯ ಕಚೇರಿ ಆ ಊರಿನ ಭಾಷೆಯಲ್ಲೇ ನಡೆಯುತ್ತವೆ.

ಪ್ರಶ್ನೆ: ಹೋದ ಮೇಲೆ ಅರೆಕಾಲಿಕ ಕೆಲಸ ಮಾಡಿ ಖರ್ಚು ತೂಗಿಸಬಹುದು ಎಂದು ಹುಬ್ಬಳ್ಳಿಯ ಏಜೆಂಟರೊಬ್ಬರು ಹೇಳುತ್ತಾರೆ. ನಿಜವೇ? (ನವನಗರದ ವಿದ್ಯಾರ್ಥಿ)

ಉತ್ತರ: ಅದನ್ನು ನಂಬಿ ಹೊರಡಬೇಡಿ. ಜರ್ಮನಿಯಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಜಪಾನಿನಲ್ಲಿ ಅನುಮತಿ ಪಡೆದು ವಾರಕ್ಕೆ 28 ತಾಸು. ಅಮೆರಿಕಕ್ಕೆ ವಿನಿಮಯದಲ್ಲಿ ಹೋಗುವವರಿಗೆ ಸಿಗುವ ಜೆ-1 ವೀಸಾದಲ್ಲಿ ಪ್ರಾಯೋಜಕರ ಲಿಖಿತ ಅನುಮತಿ ಇಲ್ಲದೆ ಕೆಲಸ ಮಾಡುವಂತೆಯೇ ಇಲ್ಲ. ಕಾನೂನು ಬಿಟ್ಟರೂ ಐದಾರು ತಿಂಗಳ ವಾಸದಲ್ಲಿ ಕೆಲಸ ಹುಡುಕುವುದಕ್ಕೇ ಎರಡು ತಿಂಗಳು ಹೋಗುತ್ತದೆ, ಅಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಇನ್ನೊಂದು ಮಾತು: ನಿಜವಾದ ವಿನಿಮಯಕ್ಕೆ ಏಜೆಂಟರು ಬೇಕಾಗುವುದಿಲ್ಲ. ನಿಮ್ಮನ್ನು ನಾಮನಿರ್ದೇಶನ ಮಾಡುವುದು ನಿಮ್ಮ ಕಾಲೇಜು. ಅವರಿಗೆ ಕೊಡಬೇಕೆಂದಿರುವ ಹಣವನ್ನು ವಿಮೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ವಿನಿಮಯ ಮುಗಿಸಿ ಹಾವೇರಿಗೆ ಬಂದು ಮೂರು ತಿಂಗಳಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಇಲ್ಲಿ ನನಗೆ ಏನೂ ಹೊಂದುತ್ತಿಲ್ಲ. ಗೆಳತಿಯರು ಮುಂದೆ ಹೋಗಿದ್ದಾರೆ. ಅಲ್ಲಿಯ ಮಾತು ತೆಗೆದರೆ ‘ಆತು ಬಿಡವಾ, ಫಾರಿನ್ ಕಥಿ ಸಾಕು’ ಎನ್ನುತ್ತಾರೆ. ನಾನು ಬದಲಾಗಿದ್ದೇನೆಯೇ?

ಉತ್ತರ: ಬದಲಾಗಿದ್ದೀರಿ, ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಹೋಗುವಾಗ ಎಲ್ಲರೂ ಬಂದು ಬೀಳ್ಕೊಡುತ್ತಾರೆ, ಕಷ್ಟವಾದೀತೆಂದು ಎಚ್ಚರಿಸುತ್ತಾರೆ. ವಾಪಸು ಬರುವಾಗ ಕಷ್ಟವಾದೀತೆಂದು ಯಾರೂ ಹೇಳುವುದಿಲ್ಲ, ಮನೆಗೆ ಬರುವುದು ಕಷ್ಟವೆಂದು ಯಾರಿಗೂ ಹೊಳೆಯುವುದಿಲ್ಲ. ಹೋಗಿ ಬಂದವರಲ್ಲಿ ಬಹಳ ಮಂದಿ ಇದನ್ನು ನನ್ನೆದುರು ಕೂತು ಹೇಳಿಕೊಂಡಿದ್ದಾರೆ, ಸಾಮಾನ್ಯವಾಗಿ ತಗ್ಗಿದ ದನಿಯಲ್ಲಿ. ಅಲ್ಲಿ ನೀವು ಸ್ವಂತ ಅಡುಗೆ, ಸ್ವಂತ ಲೆಕ್ಕ, ಸ್ವಂತ ನಿರ್ಧಾರದಲ್ಲಿ ಇದ್ದವರು. ಇಲ್ಲಿ ಸಂಜೆ ಏಳಕ್ಕೆ ‘ಎಲ್ಲಿದ್ದಿ’ ಎಂದು ಫೋನ್ ಬರುತ್ತದೆ. ಅವ್ವ-ಅಪ್ಪನಿಗೆ ನೀವು ಹೋದಾಗಿನ ಹುಡುಗಿಯೇ. ಇದನ್ನು ಸಿಟ್ಟಿನಲ್ಲಿ ಹೇಳದೆ, ಒಂದು ಕೆಲಸದ ಮೂಲಕ ತೋರಿಸಿ. ಮನೆಯ ಬ್ಯಾಂಕಿನ ವ್ಯವಹಾರವನ್ನೋ ತಮ್ಮನ ಕಾಲೇಜು ಪ್ರವೇಶದ ಓಡಾಟವನ್ನೋ ನೀವೇ ಕೈಗೆತ್ತಿಕೊಳ್ಳಿ.

ಗೆಳತಿಯರ ಮಾತಿಗೆ ನೊಂದುಕೊಳ್ಳಬೇಡಿ. ಆ ಆರು ತಿಂಗಳಲ್ಲಿ ಅವರಿಗೂ ಒಂದು ಸೆಮಿಸ್ಟರ್ ಇಲ್ಲಿ ನಡೆದಿದೆ. ಅದರಲ್ಲಿ ಏನಾಯಿತೆಂದು ನೀವು ಕೇಳಿದ್ದೀರಾ? ಮೊದಲು ಅದನ್ನು ಕೇಳಿ. ಅವರ ಕಥೆ ಮುಗಿದ ಮೇಲೆ ನಿಮ್ಮದಕ್ಕೂ ಕಿವಿ ಸಿಗುತ್ತದೆ.

ನಿಮ್ಮ ಅನುಭವ ನಿಜವಾಗಿ ಬೇಕಾಗಿರುವುದು ಮುಂದಿನ ವರ್ಷ ಹೋಗಲು ಅರ್ಜಿ ತುಂಬುತ್ತಿರುವ ಮಕ್ಕಳಿಗೆ. ಅವರು ಗೂಗಲ್‌ನಲ್ಲಿ ಹುಡುಕುತ್ತಿರುವುದು ನಿಮ್ಮ ಚೀಲದಲ್ಲಿದೆ: ಯಾವ ವಸತಿಗೃಹಕ್ಕೆ ಎಷ್ಟು ಬಾಡಿಗೆ, ಯಾವ ವಿಷಯ ಕಷ್ಟ, ಪರೀಕ್ಷೆಯ ನೋಂದಣಿ ಎಂದು ಮುಗಿಯುತ್ತದೆ, ಯಾರನ್ನು ಕಂಡರೆ ಕೆಲಸವಾಗುತ್ತದೆ. ಲರ್ನಿಂಗ್ ಅಗ್ರಿಮೆಂಟಿನಿಂದ ಹಿಡಿದು ಕೊನೆಯ ಅಂಕಪಟ್ಟಿಯವರೆಗೆ ನಿಮ್ಮ ಎಲ್ಲ ಕಾಗದಗಳ ಒಂದೊಂದು ಪ್ರತಿ ತೆಗೆದು, ಖಾಸಗಿ ವಿವರಗಳನ್ನು ಅಳಿಸಿ, ತಪ್ಪಿದ ಕಡೆಗಳಲ್ಲಿ ಕನ್ನಡದಲ್ಲೇ ಟಿಪ್ಪಣಿ ಬರೆದು ಒಂದು ಕಡತ ಮಾಡಿ ವಿಭಾಗಕ್ಕೆ ಕೊಡಿ. ಹಾಗೆಯೇ ನಿಮ್ಮ ಕಾಲೇಜಿಗೆ ಆ ಕಡೆಯಿಂದ ವಿದ್ಯಾರ್ಥಿಗಳು ಬರುವುದಿದ್ದರೆ ಅವರನ್ನು ನಿಲ್ದಾಣದಿಂದ ಕರೆತರುವ ಕೆಲಸವನ್ನು ಕೇಳಿ ಪಡೆಯಿರಿ. ಮೂರನೆಯ ವಾರ ಅವರಿಗೂ ಊಟ ಸೇರದಂತಾಗುತ್ತದೆ. ಆಗ ಹೋಗಿ ಅವರ ಪಕ್ಕ ಕೂತುಕೊಳ್ಳಬೇಕಾದವರು ನೀವೇ.